ಅವರ ಮನೆಯ ನೀರೂ ಬೇಡ

ಸಮಾಧಾನಪ್ಪನವರು ಹಾಕಿದ ನೇಮ ಒಂದೇ: ನಾವು ಕೊಡುವ ಮನೆಯಲ್ಲಿ ಹನಿ ನೀರೂ ಕುಡಿಯಬಾರದು.

ಶಿಗ್ಗಾವಿಯ ಬಾಡಿಗೆ ಮನೆಯಲ್ಲಿದ್ದುಕೊಂಡು ಅವರೂ ಹೆಂಡತಿ ಕೃಪಾವತಿಯೂ ಮಾಡುತ್ತಿದ್ದ ಸೇವೆ ಸಣ್ಣದೇನಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಗಂಡ ಸತ್ತ ಹೆಣ್ಣುಮಕ್ಕಳಿಗೆ ತಿಂಗಳ ರೇಶನ್ನು, ಕೆಲವರಿಗೆ ಹೊಲಿಗೆ ಮಷಿನ್ನು, ತಾಯಿ-ತಂದೆ ಇಲ್ಲದ ಮಕ್ಕಳಿಗೆ ಬಟ್ಟೆ, ಪುಸ್ತಕ. ಹುಬ್ಬಳ್ಳಿಯ ಚರ್ಚಿನವರು ಸಾಮಾನು ಕಳಿಸುತ್ತಿದ್ದರು. ಇವರು ಅದನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಊರೂರು ತಿರುಗುತ್ತಿದ್ದರು. ಪಡೆಯುವವರ ಜಾತಿ, ಧರ್ಮ ಯಾವತ್ತೂ ಕೇಳಿದವರಲ್ಲ.

ಮೊದಮೊದಲು ನೇಮ-ಗೀಮ ಏನೂ ಇರಲಿಲ್ಲ. ಒಮ್ಮೆ ಹಿರೇಬೆಂಡಿಗೇರಿಯ ಒಂದು ಮನೆಯಲ್ಲಿ ಚಹಾ ಕುಡಿದರು, ಅಷ್ಟೇ. ಮುಂದಿನ ತಿಂಗಳು ಹೋಗುವಷ್ಟರಲ್ಲಿ ಊರ ತುಂಬ ಗುಸುಗುಸು: ಚಹಾ ಕೊಟ್ಟವರಿಗೆ ದೊಡ್ಡ ಚೀಲವಂತೆ! ಪಾಪ, ಇನ್ನೊಬ್ಬಾಕೆ ಮಕ್ಕಳಿಗೆ ಹಾಲು ತಪ್ಪಿಸಿ ಇವರಿಗಾಗಿ ಚಹಾ ಕಾಯಿಸಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಊರ ಬಾಯಿಗೆ ಹೊಲಿಗೆ ಹಾಕಲಾದೀತೇ? ಸಮಾಧಾನಪ್ಪನವರು ತಮ್ಮ ಬಾಯಿಗೇ ಹಾಕಿಕೊಂಡರು. ಅಂದಿನಿಂದ ಕೃಪಾವತಿಯ ಬಗಲಲ್ಲಿ ಮನೆಯಿಂದ ತಂದ ನೀರಿನ ಬಾಟಲಿ. ಯಾರಾದರೂ "ಚಾ ತಗೋರಿ ಅಣ್ಣಾರ, ಅಕ್ಕಾರ" ಅಂದರೆ, ಆಕೆ ನಕ್ಕು ಬಾಟಲಿ ತೋರಿಸುತ್ತಿದ್ದಳು. ಬರಬರುತ್ತ ಕೇಳುವವರೂ ಕೇಳುವುದನ್ನು ಬಿಟ್ಟರು.

ನೇಮ ಒಳ್ಳೆಯದೇ, ಬೇಡವೆನ್ನುವವರಾರು? ಆದರೆ ಸಮಾಧಾನಪ್ಪನವರು ಎದೆ ಹಿಡಿದುಕೊಂಡು ಹೊರಟೇಹೋದರಲ್ಲ, ಆಗ ಅದರ ಇನ್ನೊಂದು ಮುಖ ಕಂಡಿತು.

ಹುಬ್ಬಳ್ಳಿಯಿಂದ ವ್ಯಾನಿನಲ್ಲಿ ಚರ್ಚಿನವರು ಬಂದರು, ಪ್ರಾರ್ಥನೆ ಮಾಡಿದರು, ಮಣ್ಣು ಕೊಟ್ಟರು, ಹೊತ್ತು ಮುಳುಗುವ ಮುಂಚೆ ವ್ಯಾನು ಹತ್ತಿದರು. ಅವರನ್ನು ಬೈದು ಪ್ರಯೋಜನವಿಲ್ಲ, ಎಲ್ಲರಿಗೂ ಅವರವರ ಕೆಲಸ. ಕೃಪಾವತಿಯ ತಂಗಿ ಮಾತ್ರ ಒಂದೆರಡು ದಿನ ಇದ್ದು, "ಇಲ್ಲಿ ನಿನಗ ಯಾರದಾರ? ಹುಬ್ಬಳ್ಳಿಗೆ ಬಂದ್ಬಿಡು" ಎಂದು ಹೇಳಿ ಹೋದಳು. ಮಕ್ಕಳಿಲ್ಲದ ಮನೆ. ಒಲೆ ಹೊತ್ತಿಸುವ ಮನಸ್ಸಾಗದೆ ಕೃಪಾವತಿ ಬ್ರೆಡ್ಡು ನೀರಿನಲ್ಲಿ ಅದ್ದಿಕೊಂಡು ತಿಂದಳು.

ಈ ಸೀಮೆಯಲ್ಲಿ ಸಾವಾದ ಮನೆಯ ಒಲೆ ಆರಿದರೆ ಓಣಿಯ ಒಲೆಗಳು ಉರಿಯುತ್ತವೆ. ನೆರೆಹೊರೆಯವರು ಬುತ್ತಿ ಕಟ್ಟಿಕೊಂಡು ಬಂದು, ಬೇಡವೆಂದರೂ ಗದರಿಸಿ ಉಣ್ಣಿಸಿ ಹೋಗುತ್ತಾರೆ. ಆದರೆ ಸದಾ ಊರೂರು ತಿರುಗುತ್ತಿದ್ದ ಇವರಿಗೆ ತಮ್ಮ ಓಣಿಯವರ ಬಳಕೆಯೇ ಇರಲಿಲ್ಲ. ಕೃಪಾವತಿ ತಾನೇ ಎಷ್ಟು ಮನೆಗೆ ಅನ್ನ ಸಾರು ಹೊತ್ತಿಲ್ಲ! ಸವಣೂರಿನ ಮಾಸೂಮಾಳ ಗಂಡ ತೀರಿದಾಗ ಆ ಹುಡುಗಿಯ ಬಾಯಿಗೆ ತನ್ನ ಕೈಯಿಂದಲೇ ತುತ್ತು ಇಟ್ಟವಳು ಈಕೆ. ಈಗ ಗೇಟು ಸಪ್ಪಳಾದಾಗಲೆಲ್ಲ ಎದ್ದು ನೋಡುತ್ತಿದ್ದಳು. ಒಮ್ಮೆ ನಾಯಿ, ಒಮ್ಮೆ ಗಾಳಿ. ಹಾಲಿನವನೂ ಪಾಕೀಟು ಗೇಟಿಗೆ ಸಿಕ್ಕಿಸಿ ಹೋಗಿಬಿಡುತ್ತಿದ್ದ.

ಕೊನೆಗೆ ಒಂದು ಮಧ್ಯಾಹ್ನ ಬಂದರು. ಮಾಸೂಮಾ, ಹಿರೇಬೆಂಡಿಗೇರಿಯಲ್ಲಿ ಮೊಮ್ಮಗಳನ್ನು ಸಾಕುವ ಮುದುಕಿ ಮಹಾದೇವಕ್ಕ, ಮತ್ತೂ ಕೆಲವರು. ಕೃಪಾವತಿಯ ಜೀವ ಹಿಗ್ಗಿತು. ಆದರೆ ಅವರು ಗೇಟಿನ ಹೊರಗೇ ನಿಂತರು. ಎಲ್ಲರ ಕೈಯಲ್ಲೂ ರೇಶನ್ನಿಗೆ ತರುತ್ತಿದ್ದ ಅದೇ ಬಟ್ಟೆಯ ಚೀಲ! ತಿಂಗಳ ಮೊದಲ ವಾರ, ಹಂಚುವ ಹೊತ್ತೂ ಹೌದು. ಮಣ್ಣಿನ ಹಸಿ ಆರಿಲ್ಲ, ಚೀಲ ಹಿಡಿದು ಬಂದರಲ್ಲ ಇವರು!

"ರೇಶನ್ ಮುಂದಿನ ವಾರ ಕೊಡ್ತೇನಿ. ಈಗ ಹೋಗ್ರಿ" ಅಂದಳು ಬಾಗಿಲಲ್ಲೇ ನಿಂತು.

ಹೆಂಗಸರು ಮುಖ ಮುಖ ನೋಡಿಕೊಂಡರು. ಮಹಾದೇವಕ್ಕ ಏನೋ ಹೇಳಹೋಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಹೊರಳಿ ಹೋದರು.

ಆವತ್ತೇ ಕೃಪಾವತಿ ನಿಶ್ಚಯ ಮಾಡಿದಳು. ತಂಗಿ ಹೇಳಿದ್ದೇ ಸರಿ. ಇಷ್ಟು ವರ್ಷ ಯಾರ ಕಣ್ಣೀರಿಗೆ ಸೆರಗು ಕೊಟ್ಟಳೋ ಅವರಿಗೆ ಇವಳೊಂದು ಅಕ್ಕಿ ಚೀಲ, ಅಷ್ಟೇ. ಈ ತಿಂಗಳು ಹಂಚುವುದು, ಮನೆ ಖಾಲಿ ಮಾಡುವುದು, ಹೋಗುವುದು. ಸೇವೆಯನ್ನು ಬೇಕಾದರೆ ಚರ್ಚಿನವರು ಬೇರೆ ಯಾರಿಗಾದರೂ ಒಪ್ಪಿಸಲಿ. ಅತ್ತು ಅತ್ತು ಸಿಟ್ಟು ಬಂತು, ಸಿಟ್ಟು ಇಳಿದ ಮೇಲೆ ಮತ್ತೆ ಅಳು ಬಂತು.

ಮುಂದಿನ ವಾರ ಸವಣೂರಿಗೆ ಹೋದಳು. ಎಲ್ಲರಿಗೂ ಕೊಟ್ಟು, ಕಡೆಗೆ ಮಾಸೂಮಾಳ ಮನೆ. ಆಕೆ ಮಷಿನ್ನಿನ ಮೇಲಿನ ಬಟ್ಟೆ ಸರಿಸಿ ಎದ್ದು ನಿಂತಳು. ಚೀಲ ಇಳಿಸಿದ ಕೃಪಾವತಿ, ಆಕೆಯ ಮುಖ ನೋಡದೆ ಹೇಳಿದಳು:

"ಇದ ಕಡೀದು, ಮಾಸೂಮಾ. ನಾ ಹುಬ್ಬಳ್ಳಿಗೆ ಹೊಂಟೇನಿ. ಮುಂದ ಬ್ಯಾರೆದವ್ರು ಬರ್ತಾರ, ರೇಶನ್ನಿಗೇನೂ ಚಿಂತಿ ಮಾಡಬ್ಯಾಡ್ರಿ."

"ಯಾಕ್ರಿ ಅಕ್ಕಾರ?"

"ಇಲ್ಲಿ ನನ್ನವ್ರು ಯಾರದಾರ? ಮಣ್ಣಾದ ಮನಿಗೆ ಒಬ್ಬರರ ಒಂದು ತುತ್ತು ತಂದ್ರೇನು? ಚೀಲ ಹಿಡ್ಕೊಂಡು ಬಂದ್ರಿ. ಬರ್ಲಿ ಬಿಡು, ಹೊಟ್ಟಿ ಯಾರಿಗೂ ಬಿಟ್ಟಿದ್ದಲ್ಲ."

ಮಾಸೂಮಾ ಹಣೆ ಬಡಿದುಕೊಂಡಳು.

"ಯಾ ಅಲ್ಲಾ! ಆ ಚೀಲ ಖಾಲಿ ಇದ್ದಿದ್ದಿಲ್ರಿ ಅಕ್ಕಾರ! ಅದರಾಗ ಬುತ್ತಿ ಇತ್ತು. ಮಹಾದೇವಕ್ಕ ರೊಟ್ಟಿ ಬಡದು ಝುಣಕ ಮಾಡಿದ್ಳು, ನಾ ಅನ್ನ ಬ್ಯಾಳಿ ತಂದಿದ್ದೆ. ನೀವು ನಮ್ಮ ನೀರ ಮುಟ್ಟಂಗಿಲ್ಲ, ಕೂಳು ಹೆಂಗ ಉಂತೀರಿ ಅಂತ ಇಷ್ಟು ದಿನ ಅಂಜಿ ಕುಂತಿದ್ವಿ. ಮಹಾದೇವಕ್ಕs ನಮ್ಮನ್ನ ಎಬ್ಬಿಸಿದ್ಳು, ಬೈದ್ರ ಬೈಸ್ಕೊಳ್ಳೂಣು ನಡೀರಿ ಅಂತ."

ಕೃಪಾವತಿ ಈಗ ಅವಳ ಮುಖ ನೋಡಿದಳು. "ಹೇಳಬಾರದೇನs ಹುಚ್ಚಿ?"

"ಹೆಂಗ ಹೇಳೂದ್ರಿ? ಕೊಡೋರ ಮನಿಗೆ ನಾವು ಕೊಡಾಕ ಬಂದೇವಿ ಅಂತ, ಯಾವ ಬಾಯಿಲೆ ಹೇಳೂದು? ಸತ್ತ ಮನಿಗಂತ ಕಟ್ಟಿದ್ದು ಹೊಳ್ಳಿ ಮನಿಗೆ ಒಯ್ಯಬಾರದು ಅಂದ್ಳು ಮಹಾದೇವಕ್ಕ. ಬಸ್‌ಸ್ಟ್ಯಾಂಡಿನಾಗ ಆಕಳಿಗೆ ಹಾಕಿದ್ವಿ. ಆಕಳ ತಿನ್ನೂದು ನೋಡಿ ಮುದುಕಿ ಅಲ್ಲೇ ಅತ್ತಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಮಧ್ಯಾಹ್ನ ಬಾಗಿಲಲ್ಲಿ ನಿಂತು ಆಡಿದ ಮಾತು ಕೃಪಾವತಿಯ ಕಿವಿಗೇ ಮತ್ತೆ ಬಡಿಯಿತು. ಬಗಲಿನ ಬಾಟಲಿ ತೆಗೆದು ಹೊಸ್ತಿಲ ಹೊರಗಿಟ್ಟಳು. ಒಳಗೆ ಬಂದು ಒಲೆಯ ಮುಂದೆ, ಬರೀ ನೆಲದ ಮೇಲೆ ಕೂತಳು.

"ಮಾಸೂಮಾ, ನನಗ ಹಸಿವಾಗೇತಿ."

ಮಾಸೂಮಾ ಧಡಪಡಿಸಿ ಎದ್ದಳು. ತಾಟಿನಲ್ಲಿ ಮುಂಜಾನೆಯ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದಳು. ತಂದವಳು ಇಡದೆ ಹಾಗೇ ನಿಂತುಬಿಟ್ಟಳು.

"ಅಣ್ಣಾರು ಬೈಯೂದಿಲ್ಲೇನ್ರಿ?"

ಕೃಪಾವತಿಗೆ ನಗು ಬಂತು. ಅಷ್ಟು ದಿನಗಳಲ್ಲಿ ಬಂದ ಮೊದಲ ನಗು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು, ನಗು ಅಲ್ಲೇ ಒಡೆದುಹೋಯಿತು.

"ಬೈಲಿ ಬಿಡs," ಅಂದಳು. "ಒಮ್ಮೆ ಬಂದು ಬೈದಾದ್ರೂ ಹೋಗ್ಲಿ."