ಫೋಟೋದ ರೇಟು

"ಹೂಂ, ತಗಿ ಫೋಟೋ. ಲಗೂನ ತಗಿ," ಎಂದು ಶಿವಶರಣಪ್ಪ ಕಾಕಾ ತೊಗರಿಬೇಳೆಯ ಚೀಲದಲ್ಲಿ ಪಾಟಿ ಸಿಕ್ಕಿಸಿದರು. ಸೀಮೆಸುಣ್ಣದ ಹುಡಿ ಇನ್ನೂ ಬೆರಳಿಗಿತ್ತು. ಕಿಲೋಕ್ಕೆ ನೂರಾ ಇಪ್ಪತ್ತು.

ನಿನ್ನೆ ಇದೇ ಬೇಳೆ ನೂರಾ ನಲವತ್ತೈದಕ್ಕೆ ಹೋಗಿದ್ದನ್ನು ಶೀತಲ ಕಣ್ಣಾರೆ ನೋಡಿದ್ದಳು. ಮೊದಲೆಲ್ಲ ಕಾಕಾ ಮನೆಯಲ್ಲೇ ಹೇಳಿದ ದರವನ್ನು ಅವಳು ಅಕ್ಕಲಕೋಟೆಯಿಂದ ಸೊಲ್ಲಾಪುರದಲ್ಲಿ ಪೇಟೆದರ ದಾಖಲಿಸುವ ಸರಕಾರಿ ಕಚೇರಿಗೆ ಫೋನಿನಲ್ಲಿ ಒಪ್ಪಿಸುತ್ತಿದ್ದಳು; ಅದೇ ಅವಳ ಕೆಲಸ. ದರ ಏರಿದೆಯೆಂದರೆ ದಾಸ್ತಾನು ಅಡಗಿಸಿದ್ದಾರೇನೋ ಎಂದು ಅಧಿಕಾರಿಗಳು ಗೋದಾಮು ನೋಡಲು ಬರುತ್ತಾರೆಂದು ಕಾಕಾ ಯಾವಾಗಲೂ ಇಳಿಸಿಯೇ ಹೇಳುವರು. ಈಗ ಹೊಸ ಆ್ಯಪ್ ಬಂದಿದೆ. ಅಂಗಡಿಯೊಳಗೇ ನಿಂತು ಫೋಟೋ ಕಳಿಸಬೇಕು. ಹೊಸ್ತಿಲು ದಾಟಿದರೆ ಅದು ತೆಗೆದುಕೊಳ್ಳುವುದಿಲ್ಲ. ಕಳಿಸಿದ ದರ ಊರಿಗೆಲ್ಲ ಕಾಣುತ್ತದೆ. ಸುಳ್ಳೆಂದು ಗೊತ್ತಾದರೆ ಅವಳ ಕೆಲಸ ಹೋಗುತ್ತದೆ. ನಿಜ ಕಳಿಸೋಣವೆಂದರೆ, ಅವಳೂ ಗಂಡ ಸ್ವಪ್ನಿಲನೂ ಇರುವುದು ಕಾಕಾರ ಮನೆಯಲ್ಲಿ.

ಅವಳು ಫೋಟೋ ತೆಗೆದಳು. ಕಳಿಸುವಲ್ಲಿ ಬೆರಳು ನಿಂತಿತು.

"ಯಾಕ, ನೆಟ್ ಇಲ್ಲೇನು?"

"ನೆಟ್ ಅದರೀ, ಕಾಕಾ."

"ಮತ್ತ?"

ಅಷ್ಟರಲ್ಲಿ ಕರಜಗಿಯ ಅಂಜನಾಬಾಯಿ ಮೆಟ್ಟಿಲೇರಿ ಬಂದಳು. ದಿನದ ಮೊದಲ ಗಿರಾಕಿ. ಪಾಟಿ ನೋಡಿ ಅವಳ ಮುಖ ಅರಳಿತು. "ನೂರಾ ಇಪ್ಪತ್ತ! ಎಸ್ಟಿ ಬಸ್ಸು ಇಳದಾಕಿ ಸೀದಾ ಇಲ್ಲೇ ಬಂದದ್ದು ಚಲೋ ಆತು. ಎರಡು ಕಿಲೋ ಹಾಕ್ರಿ, ಸಾವಕಾರ್ರ."

ಕಾಕಾ ಗಂಟಲು ಸರಿಮಾಡಿಕೊಂಡರು. "ಅದು ಮಾರೂ ರೇಟ ಅಲ್ಲವ್ವಾ. ಫೋಟೋದ್ದು."

"ಫೋಟೋದ್ದು? ಫೋಟೋದಾಗಿನ ಬ್ಯಾಳಿ ಯಾರ ಕುದಸ್ತಾರ್ರಿ? ನನಗ ಚೀಲದಾಗಿಂದ ಕೊಡ್ರಿ."

ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದು ಆ ಅಂಗಡಿಯಲ್ಲಿ ಎಂದೂ ಇಲ್ಲ. ಇವಳಾದರೂ ಹೊರಗೆ ಹೋಗಬಾರದೇ ಎಂಬಂತೆ ಕಾಕಾ ಶೀತಲಳತ್ತ ನೋಡಿದರು. ಅವಳು ಕದಲಲಿಲ್ಲ. ರಸ್ತೆಯಲ್ಲಿ ಒಂದು ಟೆಂಪೊ ಹಾರ್ನ್ ಹೊಡೆದು ಹೋಯಿತು.

ಕೊನೆಗೆ ಕಾಕಾ ಅಂಗೈಯಿಂದಲೇ ಪಾಟಿ ಒರೆಸಿ ನೂರಾ ನಲವತ್ತೈದು ಎಂದು ಬರೆದರು.

"ಅಯ್ಯ ಶಿವನ! ಹಂಗಾರ ಒಂದ ಕಿಲೋ ಸಾಕ್ರಿ," ಎಂದಳು ಅಂಜನಾಬಾಯಿ.

ಶೀತಲ ಮೊದಲಿನ ಫೋಟೋ ಅಳಿಸಿ ಮತ್ತೆ ಫೋನು ಎತ್ತಿದಳು. ಕಾಕಾ ತಕ್ಕಡಿಯಿಂದ ತಲೆಯೆತ್ತಲಿಲ್ಲ.

"ವಿಚಾರ ಮಾಡಿ ಒತ್ತವ್ವ." ದನಿ ಮೆಲ್ಲಗಿತ್ತು. "ಸಂಜೀಕ ಹೊಳ್ಳಿ ಅದ ಮನಿಗೆ ಬರಬೇಕು."

"ಬರ್ತೀನ್ರಿ, ಕಾಕಾ," ಎಂದು ಅವಳು ಒತ್ತಿದಳು.

ಅಂಜನಾಬಾಯಿ ದುಡ್ಡು ಕೊಟ್ಟು, ಗೊಣಗುತ್ತ ಮೆಟ್ಟಿಲಿಳಿದಳು. ಕಾಕಾ ಬೋಣಿಯ ನೋಟುಗಳನ್ನು ಕಣ್ಣಿಗೊತ್ತಿಕೊಂಡರು. ಕೈ ಇಳಿಸಿದ ಮೇಲೂ ಕಣ್ಣು ತೆರೆಯಲಿಲ್ಲ. ಶೀತಲ ಬೇಳೆಚೀಲದ ಪಕ್ಕದಲ್ಲಿ ನಿಂತೇ ಇದ್ದಳು.