ದುಂಡು ಗೆರೆ, ನಡುವೆ ಕಲ್ಲು

ಗುಡ್ನಾಪುರದ ಕೆರೆಗೆ ಹೋಗುವ ಕಾಲುದಾರಿ ಕವಲೊಡೆಯುವಲ್ಲಿ, ಮಣ್ಣಿನ ಮೇಲೆ ಕೋಲಿನಿಂದ ಎಳೆದ ಒಂದು ದುಂಡು ಗೆರೆ ಇತ್ತು. ನಡುವೆ ಮುಷ್ಟಿ ಗಾತ್ರದ ಕಲ್ಲು. ಬರೆದವಳು ನಮ್ಮ ಮಕ್ಕಳ ಚಾರಣ ದಳದ ನಾಗಿಯೇ. ಗುರುತು ಹಾಕುತ್ತ ಮುಂದೆ ಹೋಗುವ ಕೆಲಸ ಆ ಭಾನುವಾರ ಅವಳದಾಗಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿಯೇ ಇರಬೇಕೆಂದು ಎರಡು ಸಲ ಹೇಳಿದ್ದೆ. ಅಲ್ಲಿಯವರೆಗೂ ಅವಳ ಕಲ್ಲಿನ ಬಾಣಗಳನ್ನು ನೋಡಿಕೊಂಡೇ ಬಂದಿದ್ದೆವು. ಈಗ ಕೂಗಿದರೆ ಉತ್ತರವಿಲ್ಲ. ಕೆರೆಯ ದಂಡೆಯಲ್ಲೂ ಅವಳಿಲ್ಲ.

"ಅಕ್ಕೋರೆ, ಅವಳು ಮನೆಗೆ ಹೋಗಿದಾಳೆ," ಎಂದ ವೈಭವ. "ನಡುವೆ ಕಲ್ಲಿದ್ರೆ 'ಮನೆಗೆ ಹೋದೆ' ಅಂತಲ್ದಾ?"

"ಎಂತ ಮನೆಗೆ?" ಸಮೃದ್ಧಿ ಅವನ ಮೇಲೆ ಬಿದ್ದಳು. "ಅದು 'ಇಲ್ಲೇ ಕಾಯಿ, ಬರ್ತೆ' ಹೇಳಿ. ಅಕ್ಕೋರೇ ಹೇಳ್ಕೊಟ್ಟಿದ್ದು."

"ನಂಗೂ ಅಕ್ಕೋರೇ ಹೇಳ್ಕೊಟ್ಟಿದ್ದು!"

ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರೂ ಹೇಳಿದ್ದು ನಿಜ.

ನಾನು ದಾಸನಕೊಪ್ಪದಲ್ಲಿ ಗುಮಾಸ್ತೆ. ಶಿರಸಿಯಲ್ಲಿ ಸಂಜೆ ತರಗತಿಗೆ ಹೋಗಿ ಪದವಿ ಮುಗಿಸಿದವಳು. ಅದೇ ದಿನಗಳಲ್ಲಿ ಗ್ರಂಥಾಲಯದ ಒಂದು ಹಳೆಯ ಕೈಪಿಡಿಯಿಂದ ಚಾರಣದ ಗುರುತುಗಳನ್ನೆಲ್ಲ ಲೆಕ್ಕಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡಿದ್ದೆ. ದಳ ಶುರು ಮಾಡಿದ ವರ್ಷ ಅದನ್ನು ನೋಡಿ ಪಾಠ ಮಾಡಿದೆ. ಆಮೇಲೆ ನೋಟ್‌ಬುಕ್ ಮಳೆಯಲ್ಲಿ ನೆನೆದು ಹಾಳಾಯಿತು. ಮುಂದಿನ ವರ್ಷ ನೆನಪಿನಿಂದ ಹೇಳಿಕೊಟ್ಟೆ. ನೆನಪು ಯಾವಾಗ ತಪ್ಪಿತೋ ತಿಳಿಯಲೇ ಇಲ್ಲ. ನಾಗಿ ಎರಡೂ ವರ್ಷ ಪಾಠಕ್ಕೆ ಕೂತವಳು.

ಒಂದು ಕಾಲಕ್ಕೆ ಇಪ್ಪತ್ತೆರಡು ಮಕ್ಕಳಿದ್ದರು. ಹಿಂದಿನ ವರ್ಷ ಬೇರೆ ಜಿಲ್ಲೆಯಲ್ಲೆಲ್ಲೋ ಪ್ರವಾಸಕ್ಕೆ ಹೋದ ಹುಡುಗರು ನೀರುಪಾಲಾದರೆಂಬ ಸುದ್ದಿ ಬಂದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಉಳಿದವರು ಏಳು ಮಂದಿ. ದಳಕ್ಕೆ ತಮ್ಮ ಅಂಗಡಿಯ ಜಗಲಿ ಬಿಟ್ಟುಕೊಟ್ಟಿದ್ದ ಶಾಂತಾರಾಮ ಹೆಗಡೆಯವರು, ಸಮೃದ್ಧಿಯ ಅಜ್ಜ, ಆ ಬೆಳಗ್ಗೆ ಬಸ್ಸಿನ ಹತ್ತಿರ ಬಂದು ಹೇಳಿದ್ದರು: "ರೋಹಿಣಿ, ಇದೊಂದು ಸರಿಯಾಗಿ ಆಗ್ಲಿ. ಇಲ್ದಿದ್ರೆ ಆನೂ ಎಂತ ಮಾಡ್ಲೂ ಬರ್ತಿಲ್ಲೆ."

ದುಂಡು ಗೆರೆಯ ಹತ್ತಿರ ನಿಂತು ಲೆಕ್ಕ ಹಾಕಿದೆ. ಕಾಯುವುದಾದರೆ, ಅವಳು ನೀರಿನ ಕಡೆಗೆ ಹೋಗಿದ್ದರೆ? ಮನೆಗೆ ಹೋಗಿ ಕೇಳುವುದಾದರೆ ಊರೆಲ್ಲ ಗೊತ್ತಾಗುತ್ತದೆ, ದಳ ಮುಗಿದಂತೆ. ಇಬ್ಬರನ್ನು ಇಲ್ಲಿ ಬಿಟ್ಟು ಹೋಗಬಹುದಿತ್ತು. ಆದರೆ ಕೆರೆಯ ಹತ್ತಿರ ಮಕ್ಕಳನ್ನು ಬಿಟ್ಟು ಹೋಗುವುದು ಹೇಗೆ? ದನ ಮೇಯಿಸುತ್ತಿದ್ದವನನ್ನು ಕೇಳಿದೆ. ನೋಡಿಲ್ಲ ಎಂದ. ದಳ ಹೋದರೂ ಹೋಗಲಿ ಎಂದುಕೊಂಡು ಆರೂ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ರಸ್ತೆಗೆ ಬಂದು, ಕೈ ಮಾಡಿದ ಮೊದಲ ವ್ಯಾನು ಹತ್ತಿ ದಾಸನಕೊಪ್ಪಕ್ಕೆ ಬಂದೆ.

ನಾಗಿಯ ತಾಯಿ ನೀಲಾ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಆಮೇಲೆ ನನ್ನ ಹಿಂದಿದ್ದ ಮಕ್ಕಳನ್ನು ಎಣಿಸಿದಳು.

"ನಾಗಿ ಎಲ್ಲೈತ್ರಿ ಅಕ್ಕೋರ?"

"ಮನೆಗೆ ಬರಲಿಲ್ವಾ?"

ಆ ಪ್ರಶ್ನೆ ನನ್ನ ಬಾಯಿಂದ ಬಂದ ಕೂಡಲೇ ಎಲ್ಲ ಕೈತಪ್ಪಿತು. ನೀಲಾಳ ಅಣ್ಣ ಅಂದಾನಪ್ಪ ಟೆಂಪೋ ತೆಗೆದ. ಹತ್ತು ಹನ್ನೆರಡು ಜನ ಹತ್ತಿದರು. ಯಾರೋ ಬಾವಿ ಹಗ್ಗವನ್ನು ಕೊಕ್ಕೆಯ ಸಮೇತ ತಂದು ಒಳಗೆ ಎಸೆದರು. ನೀಲಾ ಆ ಹಗ್ಗವನ್ನು ನೋಡಿದಳು.

ನಾಗಿ ದುಂಡು ಗೆರೆಯ ಪಕ್ಕದಲ್ಲೇ ಮೊಣಕಾಲು ತಬ್ಬಿ ಕೂತಿದ್ದಳು. ಅವಳ ಜೊತೆ ಒಬ್ಬ ಮುದುಕಿ.

"ಏನವ್ವ, ದಿಬ್ಬಣ ಹೊಂಟೀರೇನು ಇಷ್ಟ್ ಮಂದಿ?" ಎಂದಳು ಮುದುಕಿ. ಹೆಸರು ಪಾರ್ವತವ್ವ. ಅವಳ ಕಟ್ಟಿಗೆ ಹೊರೆಯನ್ನು ನಾಗಿ ಮನೆಯವರೆಗೆ ಹೊತ್ತುಕೊಟ್ಟು, ತಿರುಗಿ ಬಂದು ಕೂತಿದ್ದಳಂತೆ. ಹುಡುಗಿ ಒಂದೇ ಕುಂತೈತಲ್ಲ ಎಂದು ಮುದುಕಿಯೂ ಹಿಂದೆಯೇ ಬಂದಿದ್ದಳು.

ನೀಲಾ ಮಗಳ ಬೆನ್ನಿಗೆ ಒಂದು ಹೊಡೆದು ತಬ್ಬಿಕೊಂಡಳು. ನಾಗಿ ತಾಯಿಯ ಭುಜದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

"ಕಾಯಿರಿ ಅಂತ ಬರ್ದಿದ್ನಲ್ರಿ."

"ನಾನು... ನನಗೆ ಗೊತ್ತಾಗಲಿಲ್ಲ ನಾಗಿ."

"ಕಂಡಲ್ಲೇ ಸಹಾಯ ಮಾಡ್ಬೇಕು ಅಂದೋರು ನೀವಾ. ಗುರುತು ಹಾಕಿ ಹೋಗ್ಬೇಕು ಅಂದೋರೂ ನೀವಾ. ನೀವು ಹೋಗೋವಾಗ ಒಂದು ಬಾಣ ಹಾಕಾಕ ಆಗ್ಲಿಲ್ಲೇನ್ರಿ? ನಾ ಬಂದ್ ನೋಡಿದ್ರ ಯಾರೂ ಇಲ್ಲ!"

ಎರಡು ವರ್ಷ ಗುರುತುಗಳನ್ನು ಹೇಳಿಕೊಟ್ಟವಳು ಆ ದಿನ ನೆಲದ ಮೇಲೆ ಒಂದು ಗೆರೆಯನ್ನೂ ಎಳೆಯದೆ ಓಡಿದ್ದೆ.

ಸಂಜೆ ಶಾಂತಾರಾಮ ಹೆಗಡೆಯವರೇ ಮನೆಗೆ ಬಂದರು. ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು. "ತಪ್ಪು ತಿಳ್ಕಳಡ. ಹೆದರಿ ಊರಿಗೆ ಬಂದಿದ್ದು ಸರಿಯೇ. ಆದ್ರೆ ಮೊಮ್ಮಗಳನ್ನ ಕಳ್ಸಲೆ ಯಂಗೇ ಧೈರ್ಯ ಇಲ್ಲೆ," ಎಂದರು. ನಾನು ಮಾಡಿದ್ದು ಸರಿಯಾಗಿದ್ದರೆ ದಳ ಯಾಕೆ ಮುಗಿಯಬೇಕು? ತಪ್ಪಾಗಿದ್ದರೆ ಸರಿ ಯಾವುದು? ವಾರವಿಡೀ ಕೆಲಸದ ಮಧ್ಯೆ ಕೂಡಿಸಿದ್ದನ್ನೇ ಮತ್ತೆ ಕೂಡಿಸಿದೆ. ಎರಡೂ ಕಡೆ ಒಂದೇ ಮೊತ್ತ ಬರಲಿಲ್ಲ.

ಮುಂದಿನ ಭಾನುವಾರ ಅಭ್ಯಾಸಬಲದಿಂದ ಎಂಟಕ್ಕೆ ಹೆಗಡೆಯವರ ಅಂಗಡಿಗೆ ಹೋದೆ. ಜಗಲಿಯ ಮೇಲೆ ಗೊಬ್ಬರದ ಚೀಲ ಪೇರಿಸಿದ್ದರು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೆ. ಒಂದು ಮಗುವೂ ಬರಲಿಲ್ಲ. ಒಂಬತ್ತಕ್ಕೆ ನೀಲಾ ಬಂದಳು, ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ.

"ಅಕ್ಕೋರ, ಸ್ವಲ್ಪ ಬರ್ರಿ."

ಅವರ ಅಂಗಳದಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ ಸುಣ್ಣದಲ್ಲಿ ಬರೆದ ದುಂಡು ಗೆರೆ. ನಡುವೆ ಕಲ್ಲು. ನೀಲಾ ಅದನ್ನು ತುಳಿಯದಂತೆ ಸುತ್ತಿ ನಿಂತಳು.

"ಹೇಳ್ದೆ ಕೇಳ್ದೆ ಹೋಗ್ಯಾಳ್ರಿ. ವಾರ ಆತು, ನಿಮ್ಮ ಹೆಸರೆತ್ತಿದ್ರ ಮುಖ ತಿರುವತಾಳ. ಇದೇನು, ಮನಿಗೆ ಹೋದೆ ಅಂತ ಐತೋ, ಕಾಯಿ ಅಂತ ಐತೋ? ನೀವಾ ಹೇಳ್ರಿ. ಇಲ್ಲಾಂದ್ರ ಅಂದಾನಪ್ಪಗ ಮತ್ತ ಟೆಂಪೋ ತೆಗಿ ಅಂತೀನಿ."

ಗೆರೆಯನ್ನು ನೋಡುತ್ತ ನಿಂತೆ. ಕೆರೆ ನೆನಪಾಯಿತು, ಹಗ್ಗ ನೆನಪಾಯಿತು. ಆಮೇಲೆ ಬಹಳ ತಡವಾಗಿ ಒಂದು ವಿಷಯ ಹೊಳೆಯಿತು. ತನ್ನ ಮನೆಯ ಅಂಗಳದಲ್ಲೇ ನಿಂತು 'ಮನೆಗೆ ಹೋದೆ' ಎಂದು ಯಾರು ಬರೆಯುತ್ತಾರೆ? ಇಲ್ಲಿ ಆ ಗುರುತಿಗೆ ಒಂದೇ ಅರ್ಥ. ಅದು ಹುಡುಗಿಗೆ ಗೊತ್ತಿತ್ತು. ನಾನು ನೋಡುತ್ತೇನೆ ಎಂದೂ ಗೊತ್ತಿತ್ತೋ ಏನೋ.

"ಕಾಯೋಣ ನೀಲಾ," ಎಂದೆ.

"ಎಲ್ಲಿ ಹೋಗ್ಯಾಳ?"

"ಗೊತ್ತಿಲ್ಲ."

"ಎಷ್ಟೊತ್ತು ಕಾಯೋದ್ರಿ?"

"ಅದಕ್ಕೆ ನಾನು ಗುರುತು ಹೇಳಿಕೊಟ್ಟಿಲ್ಲ."

ನೀಲಾ ನನ್ನನ್ನು ಒಂದು ಕ್ಷಣ ನೋಡಿ, ಸೆರಗಿನಿಂದ ಕಟ್ಟೆ ಒರೆಸಿ ಕೂತಳು. ನಾನೂ ಕೂತೆ. ಬಸ್ಸಿನ ಸದ್ದಾದಾಗ ಎದ್ದೆ, ಕೂತೆ. ನಾಯಿ ಬೊಗಳಿದಾಗ ಎದ್ದೆ. ಮೂರನೆಯ ಸಲ ಏಳುವಾಗ ನೀಲಾ ನನ್ನ ಸೆರಗು ಹಿಡಿದು ಜಗ್ಗಿದಳು.

"ಕುಂದರ್ರಿ ಅಕ್ಕೋರ. ನೀವಾ ಕಾಯೋಣ ಅಂದ್ರಿ."

ಕೂತೆ. ತುಸು ಹೊತ್ತಿಗೆ ರಸ್ತೆಯ ತಿರುವಿನ ಆಚೆ ಯಾರೋ ಜಗಳವಾಡುತ್ತ ಬರುವುದು ಕೇಳಿಸಿತು. ಒಂದು ದನಿ ಸಮೃದ್ಧಿಯದು. ಇನ್ನೊಂದು ಯಾರದೆಂದು ನನಗೆ ತಿಳಿಯುವ ಮೊದಲೇ ನೀಲಾ ಎದ್ದು ನಿಂತಿದ್ದಳು.