ಪೆಟ್ಟಿಗೆಯೊಳಗಿನ ಬಡಿತ

ಮಕ್ಕಳಿಗೆ ವಿಧೇಯತೆಯನ್ನು ಕಲಿಸುವುದು ಸುಲಭ. ಅದನ್ನು ಯಾವಾಗ ಮುರಿಯಬೇಕೆಂಬ ಪಾಠ ಮಾತ್ರ ಯಾವ ಶಾಲೆಯ ವೇಳಾಪಟ್ಟಿಯಲ್ಲೂ ಇರುವುದಿಲ್ಲ. ಗಣಿತದ ಟೀಚರಿಗೆ ಇದು ಹೊಳೆದದ್ದು ಪರದೇಶದ ರಂಗಮಂದಿರವೊಂದರಲ್ಲಿ, ಪರದೆಯ ಮರೆಯಲ್ಲಿ, ಬಹಳ ತಡವಾಗಿ.

ನಾಟಕದ ತಂಡದೊಡನೆ ಶಿಕ್ಷಕಿಯೊಬ್ಬರು ಹೋಗಲೇಬೇಕೆಂದು ಶಾಲೆಯ ಆಡಳಿತ ಮಂಡಳಿ ಪಟ್ಟು ಹಿಡಿದಾಗ ಆ ಹೊಣೆ ಇವರ ಹೆಗಲೇರಿತ್ತು. ಡ್ರಾಮಾ ಮೇಷ್ಟ್ರು ವಿಮಾನದಲ್ಲೇ ಗೆರೆ ಎಳೆದು ಹೇಳಿಬಿಟ್ಟಿದ್ದರು: ಊಟ, ಔಷಧಿ, ತಲೆ ಎಣಿಕೆ ನಿಮ್ಮದು, ರಂಗದ ಮೇಲಿನದೆಲ್ಲ ನನ್ನದು. ಮಕ್ಕಳು ಟೀಚರನ್ನು ಬೆನ್ನ ಹಿಂದೆ ‘ಕೋನಮಾಪಕ’ ಎನ್ನುತ್ತಿದ್ದರು; ಮೇಷ್ಟ್ರು ಗೆರೆ ಎಳೆದರೆ ಮಾತ್ರ ಅದನ್ನು ದಾಟುತ್ತಿರಲಿಲ್ಲ.

ಮೇಷ್ಟ್ರದು ಒಂದೇ ಕಟ್ಟಪ್ಪಣೆ: ಆಕಾಶ ಕಳಚಿ ಬಿದ್ದರೂ ಆಟ ನಿಲ್ಲಬಾರದು. ಹಿಂದಿನ ವರ್ಷ ಹುಡುಗನೊಬ್ಬ ಮೊಳೆ ತುಳಿದು, ರಕ್ತ ಸುರಿಸುತ್ತಲೇ ಕೊನೆಯವರೆಗೂ ಕುಣಿದಿದ್ದ. ಮರುದಿನ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಅವನ ಕೊರಳಿಗೆ ಹಾರ ಬಿತ್ತು. ಅಂದು ಚಪ್ಪಾಳೆ ತಟ್ಟಿದವರಲ್ಲಿ ಗಣಿತದ ಟೀಚರೂ ಇದ್ದರು.

ನಾಟಕವೇನೋ ನಗೆಯದು. ಕಳ್ಳನೊಬ್ಬ ಮನೆಯ ಪೆಟ್ಟಿಗೆಯೊಳಗೆ ಅಡಗುತ್ತಾನೆ. ಮನೆಯವರು ಗೊತ್ತಿದ್ದೂ ಗೊತ್ತಿಲ್ಲದವರಂತೆ ಅದರ ಮೇಲೇರಿ ಕುಣಿಯುತ್ತಾರೆ. ಅವನು ಬಡಿದಷ್ಟೂ ಇವರ ಹಾಡು ಏರುತ್ತದೆ. ಕಳ್ಳನ ಪಾತ್ರ ತಂಡದಲ್ಲೇ ಪುಟ್ಟವಳಾದ ‘ಗುಬ್ಬಿ’ಯದು. ಊರಿನಲ್ಲಿ ಬಳಸುತ್ತಿದ್ದ ಮರದ ಪೆಟ್ಟಿಗೆಗೆ ಹಿಂಬದಿಯ ಹಲಗೆಯೇ ಇರಲಿಲ್ಲ. ಗುಬ್ಬಿ ಹಿಂದಿನಿಂದ ನುಸುಳಿ ಹೊರಬಂದು, ಹಾಯಾಗಿ ಕುಳಿತು ಬಡಿಯುತ್ತಿದ್ದಳು. ಅದನ್ನು ವಿಮಾನಕ್ಕೆ ಹೇರಲಾಗಲಿಲ್ಲ. ಇಲ್ಲಿಯವರು ಒದಗಿಸಿದ್ದು ಕಬ್ಬಿಣದ ಟ್ರಂಕು: ಎಲ್ಲ ಕಡೆಯೂ ಗಟ್ಟಿ, ಮುಚ್ಚಳ ಬಿದ್ದರೆ ಚಿಲಕ ತಾನೇ ಕಚ್ಚಿಕೊಳ್ಳುವಂಥದ್ದು.

ತಾಲೀಮಿನಲ್ಲಿ ಅದನ್ನು ಕಂಡಾಗಲೇ ಟೀಚರು ಮೇಷ್ಟ್ರ ಬಳಿಗೆ ಬಂದರು.

“ಮೇಷ್ಟ್ರೇ, ಇದ್ರೊಳಗೆ ಮಗುಗೆ ಗಾಳಿ ಎಲ್ಲಿಂದ ಬರುತ್ತೆ?”

“ಮುಚ್ಚಳದ ಸಂದಿಗೆ ಮರದ ಚಕ್ಕೆ ಇಡ್ತೀವಲ್ಲ ಮೇಡಂ. ಬೇಕಾದ್ರೆ ಒಂದು ಗುಬ್ಬಿಗೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ಮಾಡಿ ಬೋರ್ಡ್ ಮೇಲೆ ಬರೀರಿ, ಕಾಪಿ ಮಾಡ್ಕೋತೀವಿ.”

ಮಕ್ಕಳು ಗೊಳ್ಳೆಂದು ನಕ್ಕರು. ಟ್ರಂಕಿನೊಳಗೆ ಮೊಣಕಾಲು ಮಡಚಿ ಕುಳಿತಿದ್ದ ಗುಬ್ಬಿಯೂ ನಕ್ಕಳು. ವಿಮಾನ ನಿಲ್ದಾಣದಲ್ಲಿ ಅವಳ ತಾಯಿ ಟೀಚರ ಎರಡೂ ಕೈ ಹಿಡಿದು, ಅಕ್ಕಾ, ಇವಳನ್ನ ನಿಮ್ಮ ಮಡಿಲಿಗೆ ಹಾಕಿದೀನಿ ಎಂದಿದ್ದರು. ಆ ಮಾತು ನೆನಪಾದರೂ ಟೀಚರು ತೆಪ್ಪಗಾದರು. ಇಷ್ಟು ದೂರ ಬಂದು ಅಡ್ಡಗಾಲು ಹಾಕಿದವಳೆನಿಸಿಕೊಳ್ಳಲು ಅಂಜಿದರು. ತಪ್ಪನ್ನು ಕಂಡೂ ಬಾಯಿ ಮುಚ್ಚಿಕೊಳ್ಳುವುದಕ್ಕೆ ನಾವು ಸಭ್ಯತೆಯೆಂಬ ಮುದ್ದಿನ ಹೆಸರಿಟ್ಟುಕೊಂಡಿದ್ದೇವೆ.

ಮಧ್ಯಾಹ್ನದ ಪ್ರದರ್ಶನಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಭಾಷೆ ತಿಳಿಯದ ಜನ. ಕುಣಿತಕ್ಕೆ, ಮುಖಭಾವಕ್ಕೆ ನಗುತ್ತಿದ್ದರು. ಗುಬ್ಬಿ ಟ್ರಂಕಿನೊಳಗೆ ಇಳಿದಳು. ಇಬ್ಬರು ಮೇಲೇರಿ ಧಿಮಿಧಿಮಿ ಕುಣಿದರು. ಆ ಭರಕ್ಕೆ ಸಂದಿಯ ಚಕ್ಕೆ ಚಿಮ್ಮಿ, ಉರುಳಿ, ಪರದೆಯಂಚಿನಲ್ಲಿ ನಿಂತಿದ್ದ ಟೀಚರ ಕಾಲಬಳಿ ಬಿತ್ತು. ಹಾಡಿನ ಅಬ್ಬರದಲ್ಲಿ ಚಿಲಕ ಬಿದ್ದ ಸದ್ದು ಯಾರಿಗೂ ಕೇಳಲಿಲ್ಲ.

ಒಳಗಿನಿಂದ ಬಡಿತ ಬಂತು. ಜನ ನಕ್ಕರು. ಬಡಿತ ಜೋರಾಯಿತು, ನಗೆಯೂ ಜೋರಾಯಿತು. ಆಮೇಲೆ ಅದು ತಾಳ ಬಿಟ್ಟು ಎಲ್ಲೆಂದರಲ್ಲಿ ಬೀಳತೊಡಗಿತು. ಮೇಲೆ ಕುಣಿಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಕಣ್ಣಲ್ಲಿ ಗಾಬರಿ ಸುಳಿದದ್ದನ್ನು ಟೀಚರು ಕಂಡರು. ಮರುಕ್ಷಣ ಇಬ್ಬರೂ ಹಲ್ಲು ಕಿಸಿದು ಇನ್ನೂ ಎತ್ತರಕ್ಕೆ ಹಾರಿದ್ದನ್ನೂ ಕಂಡರು.

ಟೀಚರು ಚಕ್ಕೆಯನ್ನೆತ್ತಿ ಪಕ್ಕದಲ್ಲಿದ್ದ ಮೇಷ್ಟ್ರ ಮುಖಕ್ಕೆ ಹಿಡಿದರು. ಮೇಷ್ಟ್ರು ಅದನ್ನು ನೋಡಿದರು, ರಂಗವನ್ನು ನೋಡಿದರು, ತುಟಿಯ ಮೇಲೆ ಬೆರಳಿಟ್ಟರು. ಇನ್ನೊಂದೇ ಹಾಡು ಎಂದು ಪಿಸುಗುಟ್ಟಿದರು.

ಬಡಿತ ಮೆತ್ತಗಾಗಿತ್ತು. ಬೆಕ್ಕು ಬಾಗಿಲನ್ನು ಉಗುರಿನಿಂದ ಕೆರೆದಂತೆ ಕೇಳುತ್ತಿತ್ತು.

ಟೀಚರು ಚಪ್ಪಲಿ ಕಾಲಲ್ಲೇ ರಂಗದ ಬೆಳಕಿಗೆ ನುಗ್ಗಿದರು.

“ಇಳೀರಿ ಕೆಳಗೆ. ಇಳೀರಿ ಅಂದೆ.”

ತರಗತಿಯಲ್ಲಿ ಈ ದನಿಗೆ ಸೂಜಿ ಬಿದ್ದರೂ ಕೇಳುವಷ್ಟು ಮೌನವಾಗುತ್ತಿತ್ತು. ಇಲ್ಲಿ ಮಕ್ಕಳು ಪರದೆಯ ಕಡೆಗೆ, ಮೇಷ್ಟ್ರ ಮುಖದ ಕಡೆಗೆ ತಿರುಗಿದರು. ಅಲ್ಲಿಂದ ಸನ್ನೆ ಬರಲಿಲ್ಲ. ಅವರಲ್ಲೇ ಚುರುಕಾದವನು ಸೊಂಟಕ್ಕೆ ಕೈಯಿಟ್ಟು, “ಅಗೋ, ಅತ್ತೆಮ್ಮ ಬಂದ್ಲು! ಅವಳನ್ನೂ ಹತ್ತಿಸ್ಕೊಳ್ರೋ!” ಎಂದು ಕೂಗಿದ. ಕಲಿಸಿದ್ದನ್ನು ಅವನು ಚೆನ್ನಾಗಿಯೇ ಕಲಿತಿದ್ದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಇಬ್ಬರನ್ನೂ ರಟ್ಟೆ ಹಿಡಿದು ಎಳೆದು ಕೆಳಗೆ ಕೆಡವಬೇಕಾಯಿತು. ಚಿಲಕ ಜಗ್ಗಿದರೆ ಜಗ್ಗದು. ಉಗುರು ಕಿತ್ತು ಬೆರಳು ರಕ್ತವಾದ ಮೇಲೆ ಅದು ಬಿಟ್ಟುಕೊಂಡಿತು. ಗುಬ್ಬಿ ಬೆವರಿನಲ್ಲಿ ತೊಯ್ದು, ತುಟಿ ನೀಲಿಗಟ್ಟಿ, ಬಾಯಿ ತೆರೆದು ಮುಚ್ಚುತ್ತಿದ್ದಳು. ಎತ್ತಿ ಕೂರಿಸಿದಾಗ ಉಸಿರು ಸೀಳಿಕೊಂಡು ಒಳಗೆ ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಕಿವಿಗೆ ಬಿದ್ದದ್ದೇ ಆ ಮಗು ಟೀಚರ ತೋಳಿನಲ್ಲೇ ತೂರಾಡುತ್ತಾ ಎದ್ದು, ಎರಡೂ ಕೈ ಜೋಡಿಸಿ, ಸಭೆಗೆ ತಲೆಬಾಗಿತು.

ಒಳಕೋಣೆಯಲ್ಲಿ ಕನ್ನಡಿಗಳ ಮುಂದೆ ಎಲ್ಲರೂ ಬಣ್ಣ ತೊಳೆಯುತ್ತಿದ್ದರು. ಟೀಚರು ಕರೆಸಿದ ವೈದ್ಯೆ ಗುಬ್ಬಿಯನ್ನು ಪರೀಕ್ಷಿಸಿ, ಮಲಗಿಸಿರಿ ಎಂದು ಕೈಸನ್ನೆ ಮಾಡಿ ಹೋದರು. ಗುಬ್ಬಿ ಮಲಗಲಿಲ್ಲ. ನೆಟ್ಟಗೆ ಮೇಷ್ಟ್ರ ಬಳಿಗೆ ಹೋದಳು.

“ಸರ್, ತಪ್ಪಾಯ್ತು. ನಾನು ತಾಳ ಬಿಟ್ಟು ಬಡಿದೆ.”

ಮೇಷ್ಟ್ರು ಅವಳ ತಲೆ ಸವರಿದರು. ಹೊಸ ಟ್ರಂಕಿನಲ್ಲಿ ಮೊದಲ ಸಲ ಯಾರಿಗಾದರೂ ಆಗುವುದೇ ಎಂದು ಸಮಾಧಾನ ಹೇಳಿದರು. ಆಮೇಲೆ ಟೀಚರ ಕಡೆಗೆ ತಿರುಗಿದರು, ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಟೀಚರಿಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಮೇಡಂ, ನಿಮ್ಮ ಎಂಟ್ರಿ ಜನಕ್ಕೆ ತುಂಬಾ ಹಿಡಿಸ್ತು. ನಾಳೆ ಆಟದಲ್ಲೂ ಇರ್ಲಿ. ಇನ್ನೊಂಚೂರು ತಡವಾಗಿ ಬನ್ನಿ, ಅಷ್ಟೇ.”

ಮಕ್ಕಳ ಮುಖಗಳು ಅರಳಿದವು. ಗುಬ್ಬಿ ಮಾತ್ರ ಸ್ವಲ್ಪ ಯೋಚಿಸಿ, ಪಾಠದಲ್ಲಿ ಅನುಮಾನ ಕೇಳುವವಳಂತೆ ಮೆಲ್ಲಗೆ ಕೇಳಿದಳು:

“ತಡ ಅಂದ್ರೆ ಎಷ್ಟು ಹೊತ್ತು ಮೇಡಂ? ಅಷ್ಟು ಹೊತ್ತು ಉಸಿರು ಹಿಡ್ಕೊಳ್ಳೋದನ್ನ ಈಗ್ಲೇ ಅಭ್ಯಾಸ ಮಾಡ್ಕೋತೀನಿ.”

“ನಾಳೆ ಆಟ ಇಲ್ಲ,” ಎಂದರು ಟೀಚರು. “ಮಂಡಳಿಗೂ ಫೋನ್ ಮಾಡ್ತೀನಿ, ನಿಮ್ಮಮ್ಮಂಗೂ ಮಾಡ್ತೀನಿ. ನನ್ನ ಜೊತೆ ಯಾರು ಬರ್ತೀರಾ, ಬನ್ನಿ.”

ಯಾರೂ ಕದಲಲಿಲ್ಲ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಟೀಚರು ಗುಬ್ಬಿಯ ಕೈಯನ್ನು ಬಿಗಿಯಾಗಿ ಹಿಡಿದು ಬಾಗಿಲ ಕಡೆಗೆ ನಡೆದರು. ಮಗು ಎದುರಾಡಲಿಲ್ಲ, ಅಳಲೂ ಇಲ್ಲ. ಕತ್ತು ಹೊರಳಿಸಿ ಮೇಷ್ಟ್ರನ್ನೇ ನೋಡುತ್ತಾ, ಆ ಪುಟ್ಟ ಕೈಯನ್ನು ತನ್ನಿಂದಾದಷ್ಟೂ ಬಲ ಹಾಕಿ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು.